ಎಂಜಿನ್ ಹೋದ ಹಳೆ ಜೇಸಿಬಿ, ಹಿಟಾಚಿ ಕೊಳ್ಳುವ ಮುಂಚೆ ನೋಡಬೇಕಾದ್ದು

"ಕಾರ್ಕಳದ ಹತ್ತಿರ ಒಂದು ಜೇಸಿಬಿ ಉಂಟು, ಎಂಜಿನ್ ಮಾತ್ರ ಹೋಗಿದೆ, ಬಾಕಿ ಎಲ್ಲ ಗಟ್ಟಿ ಅಂತಾರೆ. ಅರ್ಧ ರೇಟಿಗೆ ಸಿಗ್ತದೆ. ತಗೊಳ್ಳಬಹುದಾ?" ವರ್ಷಕ್ಕೆ ಎಷ್ಟೋ ಸಲ ಈ ಪ್ರಶ್ನೆ ಬರುತ್ತದೆ. ಮಳೆಗಾಲ ಹತ್ತಿರ ಬಂದಾಗಂತೂ ಜಾಸ್ತಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದಾಗ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಎಂಜಿನ್ ಕೆಟ್ಟ ಮಷಿನಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಖರ್ಚು ಎಂದರೆ ಎಂಜಿನಿನದ್ದು ಮಾತ್ರ. ಅದು ಹೋಗಿದೆ, ಸರಿಮಾಡಲು ಇಷ್ಟಾಗುತ್ತದೆ ಎಂದು ಕೇಳಿ ತಿಳಿಯಬಹುದು. ಗೊತ್ತಾಗದಿರುವುದು ಉಳಿದ ಮಷಿನ್. ಎಂಜಿನ್ ಓಡದೆ ಹೈಡ್ರಾಲಿಕ್ ಪಂಪ್ ನೋಡಲು ಆಗುವುದಿಲ್ಲ, ಗೇರ್ ಬಾಕ್ಸ್ ನೋಡಲು ಆಗುವುದಿಲ್ಲ, ಮಷಿನಿನ ಮೇಲ್ಭಾಗ ತಿರುಗುವ ಸ್ವಿಂಗ್ ನೋಡಲು ಆಗುವುದಿಲ್ಲ. "ಬಾಕಿ ಎಲ್ಲ ಗಟ್ಟಿ" ಎಂಬ ಮಾತಿಗೆ ಸಾಕ್ಷಿ ಇಲ್ಲ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಆ ಸಾಕ್ಷಿ ಹುಡುಕುವ ದಾರಿಗಳೇ.

ನಮ್ಮ ಕಡೆ ಟೈರಿನ ಬ್ಯಾಕ್‌ಹೋ ಯಾವ ಕಂಪನಿಯದ್ದಾದರೂ ಜೇಸಿಬಿ, ಚೈನಿನ ಎಕ್ಸ್‌ಕವೇಟರ್ ಯಾವುದಾದರೂ ಹಿಟಾಚಿ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಯಾರಿಗೆ ಇದು ಬೇಡ

ಇದು ನಿಮ್ಮ ಮೊದಲ ಮಷಿನ್ ಆಗಿದ್ದರೆ, ಬಾಡಿಗೆಗೆ ಬಿಟ್ಟು ಕಂತು ಕಟ್ಟುವ ಯೋಚನೆ ಇದ್ದರೆ, ದಯವಿಟ್ಟು ಬೇಡ. ನಿಂತ ಮಷಿನಿಗೆ ಸಾಲ ಸಿಗುವುದು ಕಷ್ಟ. ಹಾಗಾಗಿ ಜನ ಚಿನ್ನ ಅಡವಿಟ್ಟೋ ಕೈಸಾಲ ಮಾಡಿಯೋ ಕೊಳ್ಳುತ್ತಾರೆ. ರಿಪೇರಿಗೆ ಎರಡು ತಿಂಗಳು ಎಂದು ಶುರುವಾದದ್ದು ಆರು ತಿಂಗಳಾಗುತ್ತದೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ನಿಮ್ಮ ಹತ್ತಿರ ಇದೇ ಮಾಡೆಲಿನ ಇನ್ನೊಂದು ಮಷಿನ್ ಇದ್ದರೆ, ಸ್ವಂತ ಶೆಡ್ ಇದ್ದರೆ, ನಂಬುವ ಫಿಟ್ಟರ್ ಇದ್ದರೆ ಆಗ ಲೆಕ್ಕ ಬೇರೆ. ರಿಪೇರಿ ಕೈಕೊಟ್ಟರೂ ಬಕೆಟ್, ಆಕ್ಸಲ್, ಸಿಲಿಂಡರ್‌ಗಳು ನಿಮ್ಮ ಇನ್ನೊಂದು ಮಷಿನಿಗೆ ಆಗುತ್ತವೆ.

ನೋಡಲು ಹೋಗುವಾಗ ಕೈಯಲ್ಲಿ ಇರಬೇಕಾದ್ದು

ಒಳ್ಳೆಯ ಟಾರ್ಚ್, ಒಂದು ಗಟ್ಟಿ ಆಯಸ್ಕಾಂತ, ಬಿಳಿ ಬಟ್ಟೆ ತುಂಡುಗಳು, ಮುಚ್ಚಳ ಇರುವ ನಾಲ್ಕು ಖಾಲಿ ಬಾಟಲಿ, ಹಾರೆ, ಹತ್ತು ಟನ್ನಿನ ಬಾಟಲ್ ಜಾಕ್, ಕ್ರ್ಯಾಂಕ್ (ಎಂಜಿನಿನ ಮುಖ್ಯ ಶಾಫ್ಟ್) ಪುಲ್ಲಿ ಬೋಲ್ಟಿಗೆ ಆಗುವ ಸಾಕೆಟ್ ಮತ್ತು ಉದ್ದದ ಹಿಡಿ. ಜೊತೆಗೆ ನಿಮ್ಮದೇ ಫಿಟ್ಟರ್. ಬ್ರೋಕರ್ ಕರೆತಂದ ಫಿಟ್ಟರ್ ಆಗುವುದಿಲ್ಲ. ಅವರ ಸಂಬಳ ವ್ಯಾಪಾರ ಕುದುರಿದರೆ ಮಾತ್ರ.

ಹಂತ 1: ಮಷಿನಿಗಿಂತ ಮೊದಲು ಕಾಗದ

ಜೇಸಿಬಿಗೆ ಆರ್‌ಸಿ ಇರುತ್ತದೆ. ಕೆಎ 19 ಮಂಗಳೂರು, ಕೆಎ 20 ಉಡುಪಿ. ಬೇರೆ ರಾಜ್ಯದ ನಂಬರ್ ಇದ್ದರೆ ಅಲ್ಲಿಯ ಎನ್‌ಒಸಿ ಬೇಕು. ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ, ಸಾಲದ ಹೆಸರು ಇನ್ನೂ ಇದೆಯಾ ನೋಡಿ. ಇದಕ್ಕೆ ಹೈಪೋಥಿಕೇಶನ್ ಎನ್ನುತ್ತಾರೆ. ಅಂದರೆ ಸಾಲ ತೀರುವವರೆಗೆ ಮಷಿನಿನ ಮೇಲೆ ಸಾಲ ಕೊಟ್ಟವರ ಹಕ್ಕು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಫಾರ್ಮ್ 35 ಮತ್ತು ಸಾಲ ಕೊಟ್ಟವರ ಪತ್ರ ಬೇಕು. ಹೆಸರು ಬದಲಿಸಲು ಫಾರ್ಮ್ 29 ಮತ್ತು 30.

ಚೈನಿನ ಹಿಟಾಚಿಗೆ ಸಾಮಾನ್ಯವಾಗಿ ಆರ್‌ಸಿಯೇ ಇರುವುದಿಲ್ಲ. ಅಲ್ಲಿ ಮೂಲ ಇನ್‌ವಾಯ್ಸ್, ಸಾಲ ತೀರಿದ ಪತ್ರ, ನಡುವೆ ಕೈ ಬದಲಾದ ಪ್ರತಿಯೊಂದು ಮಾರಾಟದ ಪತ್ರ, ಇವೇ ಆಧಾರ. ಮಷಿನಿನ ಮೇಲಿನ ಪ್ಲೇಟ್ ನಂಬರ್ ಇನ್‌ವಾಯ್ಸ್ ಜೊತೆ ತಾಳೆ ಆಗಬೇಕು. ಪ್ಲೇಟ್ ಕಿತ್ತು ಹೊಸ ರಿವೆಟ್ ಹೊಡೆದಂತೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಅಪಾಯ ಇದೆ. ಅಕ್ರಮ ಮರಳು, ಅಕ್ರಮ ಕೆಂಪು ಕಲ್ಲಿನ ಕೇಸಿನಲ್ಲಿ ಮಷಿನ್ ಜಪ್ತಿ ಆಗಿ, ಕೋರ್ಟಿನಿಂದ ಬಾಂಡ್ ಮೇಲೆ ಬಿಡಿಸಿಕೊಂಡು ಬಂದಿರುತ್ತಾರೆ. ಕೇಸು ಮುಗಿಯುವವರೆಗೆ ಮಾರಬಾರದು ಎಂಬ ಷರತ್ತು ಅಂಥ ಬಾಂಡಿನಲ್ಲಿ ಇರುತ್ತದೆ. ಪೊಲೀಸ್ ಸ್ಟೇಷನ್ ಅಥವಾ ಗಣಿ ಇಲಾಖೆಯ ಅಂಗಳದಲ್ಲಿ ವರ್ಷಗಟ್ಟಲೆ ಮಳೆಗೆ ನಿಂತೇ ಎಂಜಿನ್ ಹಾಳಾದ ಮಷಿನ್‌ಗಳೂ ಇವೆ. "ಕೇಸು ಏನಾದರೂ ಉಂಟಾ?" ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಅದನ್ನು ಕರಾರಿನಲ್ಲಿ ಬರೆಸಿ.

ಹಂತ 2: ಎಂಜಿನ್ ಹೇಗೆ ಹೋಯಿತು, ಕಥೆ ಕೇಳಿ

ಮಾಲೀಕರ ಹತ್ತಿರ ಕೇಳಿ, ಆಮೇಲೆ ಆಪರೇಟರ್ ಹತ್ತಿರ ಬೇರೆಯಾಗಿ ಕೇಳಿ. ಮಷಿನಿನ ಮೇಲೆ ದಿನಕ್ಕೆ ಎಂಟು ತಾಸು ಕೂತವನಿಗೆ ಗೊತ್ತಿರುವುದು ಮಾಲೀಕರಿಗೂ ಗೊತ್ತಿರುವುದಿಲ್ಲ. ಒಂದು ಚಹಾ ಕುಡಿಯುತ್ತಾ ಕೇಳಿದರೆ ಸತ್ಯ ಹೇಳುತ್ತಾನೆ. ನಿಲ್ಲುವ ಮುಂಚೆ ಬಿಸಿ ಆದಾಗ ಬೂಮ್, ಅಂದರೆ ಮಷಿನಿನ ದೊಡ್ಡ ತೋಳು, ನಿಧಾನ ಆಗುತ್ತಿತ್ತಾ? ಮೇಲೆತ್ತಿ ನಿಲ್ಲಿಸಿದ ಬಕೆಟ್ ತಾನಾಗಿ ಇಳಿಯುತ್ತಿತ್ತಾ? ಗೇರ್ ಹಾಕಿದರೆ ತಡವಾಗಿ ಹಿಡಿಯುತ್ತಿತ್ತಾ? ಕೇಳಬೇಕಾದ್ದು ಇವನ್ನು. ಎಂಜಿನ್ ಓಡುತ್ತಿದ್ದಾಗಿನ ಒಂದು ವಿಡಿಯೋ ಅವನ ಮೊಬೈಲಿನಲ್ಲಿ ಸಿಕ್ಕಿದರೆ ಅದು ಚಿನ್ನ.

ಎಂಜಿನ್ ಸಾಯುವ ದಾರಿಗಳು ಕೆಲವೇ. ಅವುಗಳ ಗುರುತು ಹೀಗೆ.

ಧೂಳು ತಿಂದದ್ದು. ಕೆಂಪು ಕಲ್ಲಿನ ಕೋರೆಯಲ್ಲಿ ಏರ್ ಕ್ಲೀನರ್ ಸರಿ ಇಲ್ಲದೆ ಓಡಿದ್ದರೆ ಆ ನುಣುಪಾದ ಧೂಳು ಆಯಿಲ್ ಜೊತೆ ಸೇರಿ ಲೈನರ್ (ಸಿಲಿಂಡರಿನ ಒಳಕೊಳವೆ), ಪಿಸ್ಟನ್ ರಿಂಗ್‌ಗಳನ್ನು ಉಜ್ಜಿ ತಿನ್ನುತ್ತದೆ. ಏರ್ ಕ್ಲೀನರಿನ ನಂತರದ ಹೋಸ್ ಬಿಚ್ಚಿ, ಒಳಗೆ ಬೆರಳು ಹಾಕಿ ನೋಡಿ. ಬೆರಳಿಗೆ ಕೆಂಪು ಹತ್ತಿದರೆ ಉತ್ತರ ಸಿಕ್ಕಿತು. ಇಂಥ ಎಂಜಿನ್ ಜಾಮ್ ಆಗದೆ ನಿಧಾನವಾಗಿ ಸತ್ತಿರುತ್ತದೆ. ಬೋರ್ ಮಾಡಿಸಿದರೆ, ಅಂದರೆ ಸಿಲಿಂಡರ್ ಕೊರೆದು ಸರಿಮಾಡಿಸಿದರೆ, ಸಾಮಾನ್ಯವಾಗಿ ಉಳಿಯುತ್ತದೆ.

ಬಿಸಿ ಆಗಿ ಹೋದದ್ದು. ಹೆಡ್ ಗ್ಯಾಸ್ಕೆಟ್ ಹೋಗಿ, ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬೆಂಡ್ ಆಗಿ ಅಥವಾ ಬಿರುಕು ಬಿಟ್ಟು, ನೀರು ಆಯಿಲಿಗೆ ಇಳಿದಿರುತ್ತದೆ. "ಬರೀ ಗ್ಯಾಸ್ಕೆಟ್" ಎಂಬ ಮಾತು ಇಲ್ಲಿ ಬರುತ್ತದೆ. ಗ್ಯಾಸ್ಕೆಟ್ ಸುಮ್ನೆ ಹೋಗುವುದಿಲ್ಲ, ಬಿಸಿ ಆಗಿ ಹೋಗುತ್ತದೆ. ಎಷ್ಟು ಬಿಸಿ ಆಗಿ, ಎಷ್ಟು ಹೊತ್ತು ಹಾಗೇ ಓಡಿಸಿದರು ಎನ್ನುವುದೇ ಪ್ರಶ್ನೆ.

ಬೇರಿಂಗ್ ಹಿಡಿದದ್ದು. ಆಯಿಲ್ ಇಲ್ಲದೆ ಓಡಿ ಕ್ರ್ಯಾಂಕ್ ಗಾಯ ಆಗಿರುತ್ತದೆ. ಕೆಲವು ಸಲ ಪಿಸ್ಟನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಮುರಿದು ಎಂಜಿನಿನ ಒಡಲಾದ ಬ್ಲಾಕನ್ನೇ ತೂತು ಮಾಡಿರುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು.

ನೀರು ನುಂಗಿದ್ದು. ಹೊಳೆಯಲ್ಲಿ ಅಥವಾ ನೆರೆಯಲ್ಲಿ ಮುಳುಗಿ, ಸಿಲಿಂಡರಿನಲ್ಲಿ ನೀರು ತುಂಬಿದಾಗ ಸ್ಟಾರ್ಟ್ ಹೊಡೆದರೆ ರಾಡ್ ಬಾಗುತ್ತದೆ. ಗಾಳಿಯ ಹಾಗೆ ನೀರು ಒತ್ತಿದರೆ ಕುಗ್ಗುವುದಿಲ್ಲ ಅಲ್ವಾ. ಮುಳುಗಿದ ಮಷಿನಿನಲ್ಲಿ ವೈರಿಂಗ್, ಗೇರ್ ಬಾಕ್ಸ್, ಹೈಡ್ರಾಲಿಕ್ ಟ್ಯಾಂಕ್ ಎಲ್ಲಕ್ಕೂ ನೀರು ಹೋಗಿರುತ್ತದೆ. ಹಾಗಾಗಿ ಅದನ್ನು ಎಂಜಿನ್ ಹೋದ ಮಷಿನ್ ಎಂದು ಎಣಿಸಬೇಡಿ, ಪೂರ್ತಿ ಹೋದದ್ದೆಂದೇ ಎಣಿಸಿ. ಅಳಿವೆಯ ಉಪ್ಪು ನೀರಾದರಂತೂ ಮುಟ್ಟಲೇಬೇಡಿ.

ಈ ಕಥೆ ಯಾಕೆ ಮುಖ್ಯ? ಕಾರಣ ಸರಿಮಾಡದೆ ಎಂಜಿನ್ ಮಾತ್ರ ಹೊಸದು ಮಾಡಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ರೇಡಿಯೇಟರ್ ಕಟ್ಟಿಕೊಂಡು ಸತ್ತ ಎಂಜಿನ್ ಬಿಚ್ಚಿ, ಅದೇ ರೇಡಿಯೇಟರಿಗೆ ಹೊಸ ಎಂಜಿನ್ ಜೋಡಿಸಿದವರನ್ನು ನಾನು ಕಂಡಿದ್ದೇನೆ.

ಹಂತ 3: ಕೈಯಲ್ಲಿ ತಿರುಗಿಸಿ ನೋಡಿ

ಬ್ಯಾಟರಿ ವೈರ್ ಬಿಚ್ಚಿ. ಗೇರ್ ನ್ಯೂಟ್ರಲ್. ಸಾಧ್ಯವಾದರೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ತೆಗೆಸಿ, ಆಗ ಒಳಗೆ ಗಾಳಿ ಕಟ್ಟುವುದಿಲ್ಲ. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ಎಳೆಯಿರಿ. ಎರಡು ಪೂರ್ತಿ ಸುತ್ತು ಆಗಬೇಕು. ನಾಲ್ಕು ಸ್ಟ್ರೋಕ್ ಎಂಜಿನಿನಲ್ಲಿ ಎಲ್ಲ ಸಿಲಿಂಡರುಗಳ ಕೆಲಸ ಒಂದು ಸಲ ಮುಗಿಯಲು ಎರಡು ಸುತ್ತು ಬೇಕು. ಒಂದೇ ಜಾಗದಲ್ಲಿ ತಡೆದು ನಿಂತರೆ ವಾಲ್ವ್, ಪಿಸ್ಟನ್ ಅಥವಾ ಬಾಗಿದ ರಾಡ್ ಮೇಲೆ ಅನುಮಾನ ಪಡಿ. ಅಲುಗಾಡದೇ ಇದ್ದರೆ ಜಾಮ್.

ಇಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತದೆ. ಎಂಜಿನ್ ತಿರುಗುತ್ತಿಲ್ಲ ಎಂದ ಕೂಡಲೇ ಎಂಜಿನ್ ಜಾಮ್ ಎನ್ನುತ್ತಾರೆ. ಹಿಟಾಚಿಯಲ್ಲಿ ಎಂಜಿನಿನ ಹಿಂದೆ ನೇರ ಹೈಡ್ರಾಲಿಕ್ ಪಂಪ್ ಜೋಡಿಸಿರುತ್ತದೆ. ಜಾಮ್ ಆದದ್ದು ಪಂಪೂ ಇರಬಹುದು. ಆಗ ನೀವು ಎಂಜಿನ್ ಖರ್ಚು ಲೆಕ್ಕ ಹಾಕಿಕೊಂಡು ಪಂಪ್ ಖರ್ಚು ಹೊತ್ತುಕೊಂಡು ಬರುತ್ತೀರಿ. ಪಂಪ್ ಬೇರೆ ಮಾಡಿ ಮತ್ತೆ ತಿರುಗಿಸಲು ಮಾರುವವರು ಒಪ್ಪದಿದ್ದರೆ ಎರಡೂ ಹೋಗಿವೆ ಎಂದೇ ಬೆಲೆ ಕಟ್ಟಿ.

ಹಂತ 4: ಆಯಿಲ್, ಫಿಲ್ಟರ್, ಬ್ಲಾಕ್

ಡಿಪ್‌ಸ್ಟಿಕ್ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಆದರೆ ಬಹಳ ದಿನ ನಿಂತ ಮಷಿನಿನಲ್ಲಿ ನೀರು ಕೆಳಗೆ ಇಳಿದು ಮೇಲೆ ಆಯಿಲ್ ಚೊಕ್ಕ ಕಾಣಬಹುದು. ಅದಕ್ಕೆ ಕೆಳಗಿನ ಸಂಪ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ, ಮೊದಲ ಹನಿಗಳನ್ನು ಬಾಟಲಿಯಲ್ಲಿ ಹಿಡಿಯಿರಿ. ನೀರಿದ್ದರೆ ಅದೇ ಮೊದಲು ಬರುತ್ತದೆ. ನೀರು ಕಂಡ ತಕ್ಷಣ ಹೆಡ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಆಯಿಲ್ ಕೂಲರ್ ತೂತಾದರೂ ಹೀಗೇ ಆಗುತ್ತದೆ, ಅದು ಸಣ್ಣ ಖರ್ಚು.

ಆಮೇಲೆ ಆಯಿಲ್ ಫಿಲ್ಟರ್. ಅದನ್ನು ತೆಗೆದು ಕತ್ತರಿಸಿ ನೋಡಬೇಕು. ಹಾಕ್ಸಾ ಬ್ಲೇಡಿನಲ್ಲಿ ಕೊಯ್ಯಬೇಡಿ. ಕೊಯ್ದ ಪುಡಿಯೇ ಒಳಗೆ ಬಿದ್ದು, ಅದು ಎಂಜಿನಿನ ಲೋಹವೋ ಬ್ಲೇಡಿನದ್ದೋ ಗೊತ್ತಾಗುವುದಿಲ್ಲ. ಡಬ್ಬಿ ತೆರೆಯುವ ಕಟ್ಟರಿನ ಹಾಗೆ ಒತ್ತಿ ಸೀಳುವ ಉಪಕರಣ ಬಳಸಿ. ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿ, ಬಿಸಿಲಿಗೆ ಹಿಡಿಯಿರಿ. ಮಿನುಗುವ ಕಣ ಕಂಡರೆ ಆಯಸ್ಕಾಂತ ಹತ್ತಿರ ತನ್ನಿ. ಹತ್ತಿಕೊಳ್ಳುವುದು ಕಬ್ಬಿಣ: ಲೈನರ್, ರಿಂಗ್, ಕ್ರ್ಯಾಂಕ್. ಹತ್ತದೆ ತಾಮ್ರದ ಬಣ್ಣಕ್ಕೆ ಹೊಳೆಯುವುದು ಬೇರಿಂಗ್. ಬೇರಿಂಗ್ ಕಣ ಕಂಡರೆ ಅದು ಎಂಜಿನಿಗೆ ಗಾಳಿ ತುಂಬುವ ಟರ್ಬೋ ಮತ್ತು ಆಯಿಲ್ ಕೂಲರ್ ಒಳಗೂ ಹೋಗಿರುತ್ತದೆ. ಅವೆರಡನ್ನೂ ಖರ್ಚಿಗೆ ಸೇರಿಸಿ.

ಇನ್ನು ಬ್ಲಾಕ್. ಎರಡೂ ಬದಿ, ಸ್ಟಾರ್ಟರ್ ಮೋಟಾರಿನ ಹಿಂದೆ, ಫಿಲ್ಟರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಮಷಿನ್ ಪೂರ್ತಿ ಹಳೆಯದಾಗಿದ್ದು ಬ್ಲಾಕಿನ ಒಂದು ಕಡೆ ಮಾತ್ರ ಹೊಸ ಪೇಂಟ್ ಇದ್ದರೆ ಅಲ್ಲಿ ಆಯಸ್ಕಾಂತ ಇಟ್ಟು ಮೆಲ್ಲ ಜಾರಿಸಿ. ಬೀಡು ಕಬ್ಬಿಣಕ್ಕೆ ಅದು ಗಟ್ಟಿ ಹಿಡಿಯುತ್ತದೆ. ಎಂ-ಸೀಲ್ ತುಂಬಿ ಪೇಂಟ್ ಹೊಡೆದ ಜಾಗ ಬಂದಾಗ ಹಿಡಿತ ತಪ್ಪಿ ಕೈಗೆ ಸಡಿಲ ಆಗುತ್ತದೆ. ಆ ಜಾಗ ಸಿಕ್ಕಿದರೆ ಬ್ಲಾಕ್ ಒಡೆದಿದೆ, ಆ ಎಂಜಿನಿಗೆ ಗುಜರಿ ಬೆಲೆ ಮಾತ್ರ.

ಕೆಲವು ಕಡೆ ಎಂಜಿನ್ ಬಿಚ್ಚಿ ಗೋಣಿಚೀಲದಲ್ಲಿ ಹಾಕಿಟ್ಟಿರುತ್ತಾರೆ. ಅಲ್ಲಿ ಮೊದಲು ಹುಡುಕಬೇಕಾದ್ದು ಮೇನ್ ಬೇರಿಂಗ್ ಕ್ಯಾಪ್‌ಗಳು, ಅಂದರೆ ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ತುಂಡುಗಳು. ಅವುಗಳನ್ನು ಆ ಬ್ಲಾಕಿಗೆ ಜೋಡಿಸಿಯೇ ಬೋರ್ ಹೊಡೆದಿರುತ್ತಾರೆ. ಒಂದು ಕಳೆದರೂ ಬೇರೆ ಎಂಜಿನಿನದ್ದು ತಂದು ಹಾಗೇ ಕೂರಿಸಲು ಆಗುವುದಿಲ್ಲ. ಎಣಿಸಿ, ನಂಬರ್ ನೋಡಿ. ಚೀಲದ ಎಂಜಿನಿನಲ್ಲಿ ಏನೋ ಒಂದು ಕಡಿಮೆ ಇದ್ದೇ ಇರುತ್ತದೆ.

ಹಂತ 5: ಉಳಿದ ಮಷಿನ್

ಅರ್ಧ ದಿನ ಇದಕ್ಕೇ ಇಡಿ. ಎಂಜಿನ್ ನೋಡಿ ದಣಿದು, ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿದವರೇ ಕಳಕೊಳ್ಳುವುದು. ನಾನೂ ಒಮ್ಮೆ ಹಾಗೆ ಮಾಡಿ, ಎಂಜಿನ್ ಓಡಿದ ದಿನವೇ ಪಂಪ್ ಹೋಗಿದೆ ಎಂದು ತಿಳಿದು, ಎಂಜಿನಿಗೆ ಸುರಿದಷ್ಟೇ ಹಣ ಮತ್ತೆ ಸುರಿದಿದ್ದೇನೆ.

ಮುಂಚೆ ಒಂದು ಎಚ್ಚರಿಕೆ: ಮೇಲೆ ನಿಂತ ಬೂಮ್, ಬಕೆಟ್, ಲೋಡರ್ ಕೆಳಗೆ ತಲೆ ಹಾಕಬೇಡಿ. ಎಂಜಿನ್ ಆಫ್ ಇದ್ದರೂ ಲಿವರ್ ತಾಗಿದರೆ ಅವು ಬೀಳುತ್ತವೆ. ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳವನ್ನೂ ನಿಧಾನ ತೆರೆಯಿರಿ, ಒಳಗೆ ಒತ್ತಡ ಉಳಿದಿರಬಹುದು.

ಹೈಡ್ರಾಲಿಕ್ ಆಯಿಲನ್ನು ಬಾಟಲಿಯಲ್ಲಿ ಹಿಡಿದು ಮೂಸಿ. ಸುಟ್ಟ ವಾಸನೆ, ಕಪ್ಪು ಬಣ್ಣ ಎಂದರೆ ಬಹಳ ಕಾಲ ಬಿಸಿಯಲ್ಲಿ ಓಡಿದೆ. ಬಿಳಿಚಿಕೊಂಡಿದ್ದರೆ ನೀರು. ನಂತರ ರಿಟರ್ನ್ ಫಿಲ್ಟರ್ ತೆಗೆಸಿ. ಕೆಲಸ ಮುಗಿಸಿದ ಆಯಿಲ್ ಟ್ಯಾಂಕಿಗೆ ವಾಪಸ್ ಬರುವ ದಾರಿಯ ಜರಡಿ ಅದು. ಅದರಲ್ಲಿ ಹಿತ್ತಾಳೆ ಬಣ್ಣದ ಚೂರು ಇದ್ದರೆ ಹಿಟಾಚಿಯ ಪಿಸ್ಟನ್ ಪಂಪ್ ಒಳಗಿನ ಭಾಗ ಸವೆದು ಬರುತ್ತಿದೆ ಎಂದರ್ಥ. ಆ ಚೂರುಗಳು ವಾಲ್ವ್ ಬ್ಲಾಕ್, ಸ್ವಿಂಗ್ ಮೋಟಾರ್, ಚೈನ್ ಓಡಿಸುವ ಟ್ರಾವೆಲ್ ಮೋಟಾರ್ ಎಲ್ಲ ಸುತ್ತಿ ಬಂದಿರುತ್ತವೆ. ಪಂಪ್ ಬದಲಿಸಿದರೆ ಸಾಲದು, ಎಲ್ಲ ಬಿಚ್ಚಿ ತೊಳೆಯಬೇಕು. ಎಂಜಿನ್ ಕೆಟ್ಟಿದ್ದರೆ ಯೋಚಿಸಿ. ಎಂಜಿನ್ ಜೊತೆ ಹಿತ್ತಾಳೆಯೂ ಕಂಡರೆ ಯೋಚಿಸುವುದೇ ಬೇಡ, ಬಿಟ್ಟುಬಿಡಿ. ಫಿಲ್ಟರ್ ಈಗಷ್ಟೇ ಹೊಸದು ಹಾಕಿದ ಹಾಗೆ ಫಳಫಳ ಇದ್ದರೂ ಅನುಮಾನ ಬರಲಿ. ಓಡದ ಮಷಿನಿಗೆ ಹೊಸ ಫಿಲ್ಟರ್ ಯಾರಾದರೂ ಸುಮ್ನೆ ಹಾಕುತ್ತಾರಾ?

ಸಿಲಿಂಡರ್ ರಾಡ್‌ಗಳು, ಆ ಹೊಳೆಯುವ ಕಂಬಗಳು. ಅವುಗಳ ಉದ್ದಕ್ಕೂ ಉಗುರು ಎಳೆಯಿರಿ. ಉಗುರು ಸಿಕ್ಕಿಹಾಕಿಕೊಂಡಲ್ಲಿ ಸೀಲ್ ಹರಿಯುತ್ತದೆ. ಕಡಲ ತಡೆಗೋಡೆಗೆ ಬಂಡೆ ಹಾಕಿದ, ಮೀನುಗಾರಿಕಾ ಬಂದರಿನ ಹೂಳೆತ್ತಿದ ಮಷಿನುಗಳಲ್ಲಿ ರಾಡ್ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಗುಂಡಿಗಳು ಇರುತ್ತವೆ, ಉಪ್ಪು ಗಾಳಿ ತಿಂದದ್ದು. ಅಂಥ ಮಷಿನಿನ ವೈರಿಂಗ್ ಕನೆಕ್ಟರ್ ಒಂದೆರಡು ಬಿಚ್ಚಿ ನೋಡಿ. ಹಸಿರು ಕಿಲುಬು ಕಟ್ಟಿದ್ದರೆ ಎಲೆಕ್ಟ್ರಿಕಲ್ ಕೆಲಸ ನಿಮ್ಮನ್ನು ತಿಂಗಳುಗಟ್ಟಲೆ ಕಾಡುತ್ತದೆ.

ಪಿನ್ ಮತ್ತು ಬುಷ್. ಬಕೆಟ್ ನೆಲದ ಮೇಲಿರುವಾಗ ಅದರ ಕೆಳಗೆ ಜಾಕ್ ಇಟ್ಟು ಸ್ವಲ್ಪ ಎತ್ತಿ. ಬಕೆಟ್ ಮೇಲೆ ಹೋಗಿ, ಆಮೇಲೆ ತಡವಾಗಿ ಆರ್ಮ್ ಅಲುಗಿದರೆ ನಡುವಿನ ಆ ತಡವೇ ಸವೆತ. ಜೇಸಿಬಿಯ ಹಿಂದೆ ಬೂಮ್ ಎಡಬಲ ತಿರುಗುವ ಕಿಂಗ್‌ಪೋಸ್ಟ್ ಅನ್ನು ಹಾರೆಯಿಂದ ಮೀಟಿ ನೋಡಿ. ಬೂಮ್ ಮೇಲೆ ವೆಲ್ಡಿಂಗ್ ಪಟ್ಟಿಗಳಿದ್ದರೆ ಎಣಿಸಿ. ಒಂದು ಇರಬಹುದು. ಅದೇ ಜಾಗದಲ್ಲಿ ಪಟ್ಟಿಯ ಮೇಲೆ ಪಟ್ಟಿ ಇದ್ದರೆ ಆ ಮಷಿನ್ ಕಪ್ಪು ಕಲ್ಲಿನ ಕ್ವಾರಿಯಲ್ಲಿ ದುಡಿದು ಬಂದದ್ದು.

ಜೇಸಿಬಿಯಾದರೆ ಗೇರ್ ಬಾಕ್ಸ್ ಆಯಿಲ್ ಮೂಸಿ, ಆಯಸ್ಕಾಂತ ಅದ್ದಿ. ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟ್‌ಗಳು ಸುಟ್ಟಿವೆ. ನಾಲ್ಕೂ ಟೈರಿನ ಬೆಲೆ ಬೇರೆಯೇ ಬರೆದುಕೊಳ್ಳಿ.

ಹಿಟಾಚಿಯಾದರೆ ಚೈನ್. ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಹಲ್ಲಿನ ಚಕ್ರ, ಅದರ ಹಲ್ಲು ಗಿಳಿ ಕೊಕ್ಕಿನ ಹಾಗೆ ಚೂಪಾಗಿದ್ದರೆ ಚೈನ್, ರೋಲರ್, ಐಡ್ಲರ್ ಒಟ್ಟಿಗೆ ಮುಗಿದಿವೆ. ಇದರ ಖರ್ಚು ಕೆಲವು ಸಲ ಎಂಜಿನ್ ಖರ್ಚನ್ನೂ ಮೀರುತ್ತದೆ. ಸ್ವಿಂಗ್ ಬೇರಿಂಗಿನ ಗ್ರೀಸ್ ಸ್ವಲ್ಪ ಬೆರಳಿಗೆ ತೆಗೆದು ಉಜ್ಜಿ, ಮರಳಿನಂತೆ ಕಿರಿಕಿರಿ ಆದರೆ ಲೋಹ ಸವೆಯುತ್ತಿದೆ.

ಮೀಟರಿನ ಅವರ್ಸ್ ನಂಬಬೇಡಿ. ಪೆಡಲ್ ರಬ್ಬರ್, ಲಿವರ್ ಹಿಡಿ, ಸೀಟಿನ ಅಂಚು ನೋಡಿ. ನಾಲ್ಕು ಸಾವಿರ ಗಂಟೆ ಎನ್ನುವ ಮಷಿನಿನ ಕಬ್ಬಿಣದ ಪೆಡಲ್ ಕನ್ನಡಿಯ ಹಾಗೆ ಸವೆದಿದ್ದರೆ ನೀವೇ ಯೋಚಿಸಿ.

ಹಂತ 6: ಎಂಜಿನಿಗೆ ಯಾವ ದಾರಿ

ಮೊದಲ ದಾರಿ, ಇದೇ ಎಂಜಿನ್ ಫುಲ್ ಓವರ್‌ಹಾಲ್. ಲೇತ್ ಅಂಗಡಿಯಲ್ಲಿ ಕ್ರ್ಯಾಂಕ್ ಅಳತೆ ಮಾಡಿಸಬೇಕು. ಗಾಯ ಆದ ಕ್ರ್ಯಾಂಕನ್ನು ಗ್ರೈಂಡ್ ಮಾಡಿ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಹಿಂದೆಯೇ ಎರಡು ಮೂರು ಸಲ ಗ್ರೈಂಡ್ ಆಗಿದ್ದರೆ ಹೊಸ ಕ್ರ್ಯಾಂಕ್ ಬೇಕು. ಸಿಲಿಂಡರಿಗೆ ಲೈನರ್ ಇದೆಯಾ ಕೇಳಿ. ಹಳೆ ಟಾಟಾ ಹಿಟಾಚಿ ಇಎಕ್ಸ್ 200ಗಳಲ್ಲಿ ಬರುತ್ತಿದ್ದ ಕಮಿನ್ಸ್ 5.9 ಲೀಟರ್ ಎಂಜಿನಿಗೆ ಬದಲಿಸುವ ಲೈನರ್ ಇಲ್ಲ, ಬ್ಲಾಕಿನಲ್ಲೇ ಬೋರ್. ಅದನ್ನು ಓವರ್‌ಸೈಜ್ ಬೋರ್ ಮಾಡಬೇಕು, ಮಿತಿ ದಾಟಿದ್ದರೆ ಸ್ಲೀವ್, ಅಂದರೆ ಹೊಸ ಒಳಕೊಳವೆ ಕೂರಿಸಬೇಕು.

ಎರಡನೇ ದಾರಿ, ಇನ್ನೊಂದು ಹಳೆ ಎಂಜಿನ್ ತಂದು ಹಾಕುವುದು. ನಿಮ್ಮ ಎದುರೇ ಸ್ಟಾರ್ಟ್ ಮಾಡಿ ತೋರಿಸದ ಎಂಜಿನಿಗೆ ದುಡ್ಡು ಕೊಡಬೇಡಿ. ಅದರ ಬಿಲ್ ಬೇಕೇ ಬೇಕು. ಜೇಸಿಬಿಯಾದರೆ ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರಬೇಕು, ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಇದನ್ನು ಬಿಟ್ಟವರು ಇನ್ಶುರೆನ್ಸ್ ಕ್ಲೈಮ್ ದಿನ ಪರದಾಡುತ್ತಾರೆ.

ಮೂರನೆಯದು, ಬೇರೆ ಜಾತಿಯ ಎಂಜಿನ್ ಜೋಡಿಸುವುದು. ಲಾರಿಯದ್ದು ಅಗ್ಗಕ್ಕೆ ಸಿಕ್ಕಿತು ಎಂದು. ಮೌಂಟಿಂಗ್, ಫ್ಲೈವೀಲ್ ಹೌಸಿಂಗ್, ಪಂಪ್ ಕಪ್ಲಿಂಗ್, ಆರ್‌ಪಿಎಂ ಒಂದೂ ಸರಿ ಕೂರುವುದಿಲ್ಲ. ಕೂರಿಸಿದರೂ ಮುಂದೆ ಮಾರುವಾಗ ಕೇಳುವವರಿಲ್ಲ.

ಯಾವ ಎಂಜಿನ್ ಎಂಬುದೂ ಮುಖ್ಯ. ಜೇಸಿಬಿ ಕಂಪನಿಯ ಹಳೆ 3ಡಿಎಕ್ಸ್ ಮಾಡೆಲಿನಲ್ಲಿ ಕಿರ್ಲೋಸ್ಕರ್ ಎಂಜಿನ್ ಇತ್ತು, ಆಮೇಲೆ ಆ ಕಂಪನಿಯದೇ ಎಂಜಿನ್ ಬಂತು. ಪ್ಲೇಟ್ ಓದಿ, ಬಿಡಿಭಾಗದ ರೇಟ್ ಅದಕ್ಕೆ ತಕ್ಕಂತೆ ಕೇಳಿ. ಟೈರಿನ ಮಷಿನ್‌ಗಳಿಗೆ 2021ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮ ಬಂದ ಮೇಲೆ ತಯಾರಾದ ಹೆಚ್ಚಿನವುಗಳಲ್ಲಿ ಕಾಮನ್ ರೇಲ್ ಮತ್ತು ಇಸಿಎಂ, ಅಂದರೆ ಡೀಸೆಲ್ ಅಳೆದು ಬಿಡುವ ಕಂಪ್ಯೂಟರ್ ಇರುತ್ತದೆ. ಇವುಗಳ ಇಂಜೆಕ್ಟರ್ ದುಬಾರಿ, ಊರಿನ ಎಲ್ಲ ಗ್ಯಾರೇಜಿನಲ್ಲೂ ಕೆಲಸ ಆಗುವುದಿಲ್ಲ. ಹಳೆಯ ಮೆಕ್ಯಾನಿಕಲ್ ಡೀಸೆಲ್ ಪಂಪಿನದ್ದೇ ನಮ್ಮಂಥವರಿಗೆ ಸುಲಭ.

ಹಂತ 7: ಲೆಕ್ಕ

ಮಾರುವವರು ಹೇಳುವ ಲೆಕ್ಕ ಹೀಗಿರುತ್ತದೆ: "ಓಡುವ ಮಷಿನ್ 11 ಲಕ್ಷ, ಎಂಜಿನ್ ಕೆಲಸ ಮೂರೂಕಾಲು, ನಾನು 6ಕ್ಕೆ ಕೊಡ್ತೇನೆ, ನಿಮಗೆ ಒಂದೂಮುಕ್ಕಾಲು ಲಾಭ." ಕೇಳಲು ಚೆಂದ. ನೀವು ಹಾಕಬೇಕಾದ ಲೆಕ್ಕ ಬೇರೆ. ಈ ಅಂಕಿಗಳು ಕ್ರಮ ತೋರಿಸಲು ಮಾತ್ರ, ನಿಮ್ಮ ಮಷಿನಿಗೆ ನಿಮ್ಮ ಊರಿನ ರೇಟ್ ಹಾಕಿ.

ಅದೇ ವರ್ಷದ ಓಡುವ ಮಷಿನ್: 11,00,000.
ಎಂಜಿನ್, ಟರ್ಬೋ, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್, ಮಜೂರಿ: 3,25,000.
ಕಾಣದ ಹೈಡ್ರಾಲಿಕ್, ಗೇರ್ ಬಾಕ್ಸ್ ಕೆಲಸಕ್ಕೆ ಎತ್ತಿಟ್ಟದ್ದು: 1,50,000.
ಟೈರ್, ಪಿನ್, ಬುಷ್, ಬ್ಯಾಟರಿ, ಹೋಸ್: 90,000.
ಸಾಗಾಟ: 35,000. ಕಾಗದ: 15,000.
ಮಷಿನ್ ನಿಂತ ತಿಂಗಳುಗಳ ಬಡ್ಡಿ, ಶೆಡ್: 60,000.

ಖರ್ಚೇ 6,75,000. 11 ಲಕ್ಷದಲ್ಲಿ ಕಳೆದರೆ ಉಳಿದದ್ದು 4,25,000. ಇಷ್ಟು ತಲೆನೋವಿಗೆ ಕನಿಷ್ಠ ಒಂದು ಲಕ್ಷ ನಿಮಗೆ ಉಳಿಯಬೇಡವೇ? ಹಾಗಾದರೆ ನೀವು ಕೊಡಬಹುದಾದ್ದು 3,25,000. ಅವರು ಕೇಳಿದ್ದು ಆರು.

ಜನ ಬಿಡುವುದು ಎರಡನೇ ಖರ್ಚನ್ನೇ, ಕಾಣದ ಕೆಲಸದ್ದನ್ನು. ಹಂತ 5ರಲ್ಲಿ ಏನೂ ದೋಷ ಕಾಣದಿದ್ದರೂ ಅದನ್ನು ಸೊನ್ನೆ ಮಾಡಬೇಡಿ. ದೋಷ ಕಂಡರೆ ದುಪ್ಪಟ್ಟು ಮಾಡಿ. ಎಲ್ಲಕ್ಕಿಂತ ಕೆಳಗಿನ ಬೆಲೆ ಗುಜರಿ. 3ಡಿಎಕ್ಸ್ ಸುಮಾರು ಏಳೂವರೆ ಟನ್ ತೂಗುತ್ತದೆ. ಆ ದಿನದ ಗುಜರಿ ರೇಟ್ ಕೇಳಿ ಗುಣಿಸಿ. ನಿಮ್ಮ ಬೆಲೆ ಅದರ ಹತ್ತಿರ ಇದ್ದಷ್ಟೂ ನಷ್ಟದ ಭಯ ಕಡಿಮೆ.

ಹಂತ 8: ಯಾವಾಗ ಕೊಳ್ಳಬೇಕು, ಹೇಗೆ ತರಬೇಕು

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ಕೆಲಸ ಹೆಚ್ಚಾಗಿ ನಿಲ್ಲುತ್ತದೆ. ಮೇ ಕೊನೆಗೆ ಕೊಂಡು, ಮಳೆ ತಿಂಗಳುಗಳಲ್ಲಿ ಶೆಡ್ ಒಳಗೆ ಕೆಲಸ ಮುಗಿಸಿ, ನವರಾತ್ರಿ ಕಳೆದು ಮಷಿನ್ ಹೊರಡಿಸಿದರೆ ನಿಂತ ನಷ್ಟ ಕಡಿಮೆ. ನವೆಂಬರಿನಲ್ಲಿ ಕೊಂಡರೆ ಸೀಸನ್ ಪೂರ್ತಿ ರಿಪೇರಿಯಲ್ಲೇ ಹೋಗುತ್ತದೆ. ಆದರೆ ಮಷಿನ್ ಅಡಿಕೆ ತೋಟದೊಳಗೋ ಗುಡ್ಡೆ ಕೆಳಗೋ ಇದ್ದರೆ ಮಳೆ ಹಿಡಿಯುವ ಮುಂಚೆ ರಸ್ತೆಗೆ ತರಿಸಿ. ಒಂದು ಮಳೆ ಬಿದ್ದ ಮೇಲೆ ಲೋಬೆಡ್ ಲಾರಿ ಅಲ್ಲಿಗೆ ಇಳಿಯುವುದಿಲ್ಲ.

ಸತ್ತ ಮಷಿನ್ ಸಾಗಿಸುವುದು ಓಡುವ ಮಷಿನ್ ಸಾಗಿಸಿದ ಹಾಗಲ್ಲ. ಹಿಟಾಚಿಯ ಟ್ರಾವೆಲ್ ಬ್ರೇಕ್ ಸ್ಪ್ರಿಂಗಿನಿಂದ ಹಿಡಿದಿರುತ್ತದೆ, ಹೈಡ್ರಾಲಿಕ್ ಒತ್ತಡ ಬಂದರೆ ಮಾತ್ರ ಬಿಡುತ್ತದೆ. ಎಂಜಿನ್ ಇಲ್ಲದೆ ಅದು ಉರುಳುವುದಿಲ್ಲ. ಚೈನಿಗೆ ಶಕ್ತಿ ಕೊಡುವ ಫೈನಲ್ ಡ್ರೈವ್ ಬಿಚ್ಚಿ ಒಳಗಿನ ಗೇರ್ ತೆಗೆಯಬೇಕು ಅಥವಾ ದೊಡ್ಡ ಕ್ರೇನ್ ಬೇಕು. ಜೇಸಿಬಿಯನ್ನು ಹಗ್ಗ ಕಟ್ಟಿ ಹತ್ತಾರು ಕಿಲೋಮೀಟರ್ ಎಳೆಯಬೇಡಿ. ಎಂಜಿನ್ ತಿರುಗದಿದ್ದರೆ ಗೇರ್ ಬಾಕ್ಸಿಗೆ ಆಯಿಲ್ ಹೋಗುವುದಿಲ್ಲ, ಚಕ್ರ ತಿರುಗಿದಂತೆ ಒಳಗೆ ಸುಡುತ್ತದೆ. ಸ್ಟೀರಿಂಗೂ ಕಲ್ಲಾಗಿರುತ್ತದೆ. ಲಾರಿಗೆ ಹತ್ತಿಸುವಷ್ಟು ಮಾತ್ರ, ಗೇರ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೆಯಿರಿ. ಘಟ್ಟದ ಮೇಲಿಂದ ತರುವುದಾದರೆ ಲೋಬೆಡ್‌ಗೆ ಆಗುಂಬೆ, ಚಾರ್ಮಾಡಿಯ ಆಸೆ ಬಿಡಿ, ಶಿರಾಡಿ ದಾರಿಯೇ. ಮಳೆಗಾಲದಲ್ಲಿ ಅಲ್ಲೂ ಗುಡ್ಡ ಜರಿದು ದಾರಿ ಬಂದ್ ಆಗುವುದಿದೆ.

ಹಂತ 9: ಕರಾರು ಮತ್ತು ಮೊದಲ ಸ್ಟಾರ್ಟ್

ಅಡ್ವಾನ್ಸ್ ಕೊಡುವ ದಿನವೇ ಚಾಸಿಸ್ ನಂಬರ್, ಎಂಜಿನ್ ನಂಬರ್, ಪಂಪ್, ಟರ್ಬೋ, ಸ್ಟಾರ್ಟರ್, ಆಲ್ಟರ್ನೇಟರ್, ಬಕೆಟ್‌ಗಳ ಪಟ್ಟಿ ಬರೆದು ಸಹಿ ಹಾಕಿಸಿ, ಫೋಟೋ ತೆಗೆಯಿರಿ. ಅಡ್ವಾನ್ಸ್ ಕೊಟ್ಟ ದಿನ ಇದ್ದ ಟರ್ಬೋ ಲಾರಿ ಹತ್ತುವ ದಿನ ಇಲ್ಲದಿರುವುದು ಉಂಟು. ಪೂರ್ತಿ ಹಣ ಕಾಗದ ಕೈಗೆ ಬಂದ ಮೇಲೆ, ಬ್ಯಾಂಕ್ ಮೂಲಕ.

ಎಂಜಿನ್ ಕೂರಿಸಿದ ಮೇಲೆ ಹೊಸ ರೇಡಿಯೇಟರ್ ಹೋಸ್, ತೊಳೆದ ಕೂಲರ್, ಹೊಸ ಏರ್ ಫಿಲ್ಟರ್ ಹಾಕದೆ ಕೀ ತಿರುಗಿಸಬೇಡಿ. ಹಿಟಾಚಿಯ ಪಂಪ್ ಕೇಸಿನೊಳಗೆ ಮೊದಲೇ ಆಯಿಲ್ ತುಂಬಿಸಿ. ಒಣ ಪಂಪ್ ಮೊದಲ ನಿಮಿಷದಲ್ಲೇ ಹೋಗುತ್ತದೆ. ಡೀಸೆಲ್ ಬಿಡದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರಿಸಿ, ಆಮೇಲೆ ಸ್ಟಾರ್ಟ್. ಮೊದಲ 50 ಗಂಟೆ ಬಂಡೆ ಒಡೆಯುವ ಬ್ರೇಕರ್ ಕೆಲಸ ಕೊಡಬೇಡಿ, ಆದರೆ ಬರೀ ಐಡ್ಲಿಂಗಿನಲ್ಲೂ ನಿಲ್ಲಿಸಬೇಡಿ. ಸಾಧಾರಣ ಮಣ್ಣಿನ ಕೆಲಸ ಮಾಡಿಸಿ, ರಿಂಗ್ ಕೂರಲು ಲೋಡ್ ಬೇಕು. 50 ಗಂಟೆ ಆದಾಗ ಆಯಿಲ್ ಬದಲಿಸಿ, ಎಂಜಿನ್ ಫಿಲ್ಟರ್ ಮತ್ತು ಹೈಡ್ರಾಲಿಕ್ ರಿಟರ್ನ್ ಫಿಲ್ಟರ್ ಎರಡನ್ನೂ ಸೀಳಿ, ಮತ್ತೆ ಅದೇ ಬಿಳಿ ಬಟ್ಟೆ, ಅದೇ ಆಯಸ್ಕಾಂತ. ಎರಡೂ ಚೊಕ್ಕ ಇದ್ದರೆ ಮಷಿನನ್ನು ಕೆಲಸಕ್ಕೆ ಒಪ್ಪಿಕೊಳ್ಳಬಹುದು.